ಓದುಗರ ಪ್ರಶ್ನೆಗಳು: ಲೆಡ್ ಜೆಪ್ಲಿನ್ ಬೀಗ ಹಾಕಿಟ್ಟ ಕಚೇರಿಗಳು

ಪಾಶ್ಚಾತ್ಯ ಸಂಗೀತದ ಕುರಿತು ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಈ ಸಲ ಒಂದೇ ಅಸಮಾಧಾನವನ್ನು ತೋಡಿಕೊಂಡಿವೆ. ಇಂಗ್ಲೆಂಡಿನ ಲೆಡ್ ಜೆಪ್ಲಿನ್ ಎಂಬ ರಾಕ್ ತಂಡದ 1970ರ ದಶಕದ ಸಂಗೀತ ಕಚೇರಿಗಳ ದೃಶ್ಯಗಳಲ್ಲಿ ಬಹುಪಾಲು ಇನ್ನೂ ಏಕೆ ಹೊರಬಂದಿಲ್ಲ ಎಂಬುದೇ ಎಲ್ಲರ ಪ್ರಶ್ನೆ. ಆದ್ದರಿಂದ ಈ ಸಂಚಿಕೆಯ ಜಾಗವನ್ನೆಲ್ಲ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ಲೆಡ್ ಜೆಪ್ಲಿನ್ 1975ರ ಮೇ ತಿಂಗಳಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಸಭಾಂಗಣದಲ್ಲಿ ಐದು ಕಚೇರಿ ನಡೆಸಿತು. ಒಂದೊಂದೂ ಮೂರು ಗಂಟೆಗೂ ಹೆಚ್ಚು ಹೊತ್ತು ನಡೆಯಿತು. 2003ರ ಡಿವಿಡಿಯಲ್ಲಿ ನಮಗೆ ಸಿಕ್ಕಿದ್ದು ಅದರ ಆರೇ ಹಾಡು. ಐವತ್ತನೆಯ ವರ್ಷಕ್ಕಾದರೂ ಪೂರ್ತಿ ಕಚೇರಿ ಬರುತ್ತದೆಂದು ಕಾದಿದ್ದೆವು. 2025ರ ಸೆಪ್ಟೆಂಬರಿನಲ್ಲಿ ಬಂದದ್ದು ನಾಲ್ಕು ಹಾಡುಗಳ ಒಂದು ಪುಟ್ಟ ಧ್ವನಿಮುದ್ರಿಕೆ, ಅದೂ ಅದೇ ಡಿವಿಡಿಯಲ್ಲಿ ಕೇಳಿದ ಹಾಡುಗಳೇ. ಇದು ಅಭಿಮಾನಿಗಳನ್ನು ಅಣಕಿಸಿದಂತಲ್ಲವೇ?
– ಮೈಸೂರಿನ ಓದುಗರು

ಉತ್ತರ: ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ಆದರೆ ಅದನ್ನು ಸರಿಯಾದ ಬಾಗಿಲಿಗೆ ಒಯ್ಯಬೇಕಾದರೆ, ಉಗ್ರಾಣದಲ್ಲಿರುವುದು ಎಂಥ ಸರಕು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕಾಗುತ್ತದೆ.

ಕಚೇರಿಯನ್ನು ಚಿತ್ರೀಕರಿಸಿದ್ದಾರೆ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಇಂದಿನ ಪದ್ಧತಿ: ಹತ್ತಾರು ಕ್ಯಾಮೆರಾ, ಪ್ರತಿಯೊಂದರ ದೃಶ್ಯವೂ ಬೇರೆ ಬೇರೆಯಾಗಿ ದಾಖಲು, ಆಮೇಲೆ ನಿಧಾನವಾಗಿ ಕುಳಿತು ಮಾಡುವ ಸಂಕಲನ. ಅರ್ಲ್ಸ್ ಕೋರ್ಟಿಗೆ ಕ್ಯಾಮೆರಾಗಳು ಬಂದದ್ದು ಸಿನಿಮಾ ತೆಗೆಯಲಿಕ್ಕಲ್ಲ. ರಾತ್ರಿಗೆ 17,000ದಷ್ಟು ಜನ ಸೇರುತ್ತಿದ್ದ ಆ ಭಾರೀ ಸಭಾಂಗಣದಲ್ಲಿ ಹಿಂದಿನ ಸಾಲಿನವರಿಗೂ ಕಲಾವಿದರ ಮುಖ ಕಾಣಲೆಂದು ವೇದಿಕೆಯ ಮೇಲೆ ದೊಡ್ಡ ಪರದೆ ಕಟ್ಟಿದ್ದರು. ಆ ಪರದೆಗೆ ಚಿತ್ರ ಒದಗಿಸುವುದು ಕ್ಯಾಮೆರಾಗಳ ಕೆಲಸವಾಗಿತ್ತು. ಇಂಥ ಚಿತ್ರೀಕರಣದಲ್ಲಿ ನಿರ್ದೇಶಕ ಆ ಕ್ಷಣಕ್ಕೆ ಯಾವ ಕೋನವನ್ನು ಆರಿಸುತ್ತಾನೋ ಅದೇ ಪರದೆಗೆ ಹೋಗುತ್ತದೆ, ಅದೇ ಟೇಪಿಗೂ ಇಳಿಯುತ್ತದೆ. ತಂಡದ ಜಿಮ್ಮಿ ಪೇಜ್ ಗಿಟಾರಿನ ಮೇಲೆ ಬೆರಳೋಡಿಸುತ್ತಿದ್ದಾಗ ಕ್ಯಾಮೆರಾ ಗಾಯಕ ರಾಬರ್ಟ್ ಪ್ಲಾಂಟ್ ಅವರ ಮುಖದ ಮೇಲೆ ನಿಂತಿದ್ದರೆ, ಆ ಬೆರಳನ್ನು ಇನ್ನು ಯಾವ ಜಾಣ ಸಂಕಲನಕಾರನೂ ತಂದುಕೊಡಲಾರ.

ಇನ್ನು ಆ ಟೇಪಿನ ಸ್ಥಿತಿ. ಆ ಕಾಲದ ವೃತ್ತಿಪರ ವಿಡಿಯೊ ಟೇಪು ಎರಡು ಇಂಚು ಅಗಲದ್ದು. ಅಯಸ್ಕಾಂತೀಯ ಪುಡಿಯನ್ನು ಪ್ಲಾಸ್ಟಿಕ್ ಪಟ್ಟಿಗೆ ಹಿಡಿದಿಡುವ ಅಂಟು, ಮಳೆಗಾಲದಲ್ಲಿ ತೆರೆದಿಟ್ಟ ಹಪ್ಪಳದಂತೆ, ವರ್ಷಗಳುರುಳಿದಂತೆ ತೇವ ಹೀರಿ ಮೆತ್ತಗಾಗುತ್ತದೆ. ಹಾಗೆಯೇ ಯಂತ್ರಕ್ಕೆ ಹಾಕಿದರೆ ಪುಡಿ ಕಿತ್ತು ಬಂದು ಚಿತ್ರವೇ ಅಳಿಸಿಹೋಗುತ್ತದೆ. ಆದ್ದರಿಂದ ಟೇಪನ್ನು ಹದವಾದ ಶಾಖದ ಪೆಟ್ಟಿಗೆಯಲ್ಲಿ ದಿನಗಟ್ಟಲೆ ಇಟ್ಟು ಒಣಗಿಸಿ, ಮೂಲೆಗೆ ಸೇರಿದ್ದ ಹಳೆಯ ಯಂತ್ರವೊಂದನ್ನು ಹುಡುಕಿ ದುರಸ್ತಿ ಮಾಡಿಸಿ, ಬೇಗನೆ ನಕಲು ತೆಗೆದುಕೊಳ್ಳಬೇಕು. ಪೇಜ್ ಮತ್ತು ನಿರ್ದೇಶಕ ಡಿಕ್ ಕ್ಯಾರುಥರ್ಸ್ 2003ರ ಡಿವಿಡಿಗಾಗಿ ಮಾಡಿದ್ದು ಇದೇ ಕೆಲಸ. ಎರಡು ತಟ್ಟೆಗಳಲ್ಲಿ ಐದು ಗಂಟೆಗೂ ಮೀರಿದ ಆ ಸಂಗ್ರಹ ಹೊರಬರುವ ಮೊದಲು ಅಂಗಡಿಯಲ್ಲಿ ಸಿಗುತ್ತಿದ್ದುದು, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ 1973ರಲ್ಲಿ ತೆಗೆದು 1976ರಲ್ಲಿ ತೆರೆಗೆ ತಂದ ಒಂದು ಚಲನಚಿತ್ರ ಮಾತ್ರ ಎಂಬುದನ್ನು ನೆನೆದರೆ, ಆ ಡಿವಿಡಿಯನ್ನು ಯಾರೂ ಹಗುರವಾಗಿ ಕಾಣಲಾರರು.

ಆದರೆ ನಿಮ್ಮ ದೂರು ಗಟ್ಟಿಯಾಗುವುದೂ ಇಲ್ಲಿಯೇ. ಟೇಪನ್ನು ಉಳಿಸುವ ವಿದ್ಯೆ 2003ರಲ್ಲೇ ಕೈವಶವಾಗಿತ್ತು, ಧ್ವನಿಯನ್ನು ಬೇರೆಯಾಗಿ ಹಲವು ಟ್ರ್ಯಾಕುಗಳಲ್ಲಿ, ಅಂದರೆ ದನಿ, ವಾದ್ಯಗಳನ್ನು ಬಿಡಿಬಿಡಿಯಾಗಿ, ಮುದ್ರಿಸಿಕೊಂಡಿದ್ದರು, ಅದನ್ನು ಧ್ವನಿ ತಂತ್ರಜ್ಞ ಕೆವಿನ್ ಶರ್ಲಿ ಅವರೊಡನೆ ಕೂತು ಹದಗೊಳಿಸಿಯೂ ಆಗಿತ್ತು. ಹೀಗಿದ್ದೂ ಅರ್ಲ್ಸ್ ಕೋರ್ಟಿನಿಂದ ಕೊಟ್ಟದ್ದು ಕುಳಿತು ನುಡಿಸಿದ ಮೂರು ಹಾಡು ಮತ್ತು ಅಬ್ಬರದ ಮೂರು ಹಾಡು. ಜಾನ್ ಪಾಲ್ ಜೋನ್ಸ್ ಪಿಯಾನೊದ ಮುಂದೆ ಕುಳಿತು ಮನಸೋ ಇಚ್ಛೆ ಬೆಳೆಸುತ್ತಿದ್ದ ‘ನೋ ಕ್ವಾರ್ಟರ್’ ಇಲ್ಲ. ಅರ್ಧ ಗಂಟೆಯನ್ನೂ ದಾಟುತ್ತಿದ್ದ ‘ಡೇಜ್ಡ್ ಅಂಡ್ ಕನ್‌ಫ್ಯೂಸ್ಡ್’ ಇಲ್ಲ. ಈ ತಂಡದ ಹಿರಿಮೆಯೇ ವೇದಿಕೆಯ ಮೇಲೆ ಹಾಡನ್ನು ಹಿಗ್ಗಿಸಿ ಬೆಳೆಸುವುದು. ನಮ್ಮಲ್ಲಿ ರಾಗವನ್ನು ವಿಸ್ತರಿಸುವುದನ್ನು ಕೇಳಿ ಬೆಳೆದವರಿಗೆ ಅದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ವಿಸ್ತಾರವನ್ನೇ ಬಿಟ್ಟು ಆರು ಹಾಡು ಕೊಟ್ಟಿದ್ದು ಸಣ್ಣ ಕೊರತೆಯಲ್ಲ. ಮೇಲಾಗಿ, ಆ ಕಚೇರಿಗಳು ಮುಗಿದ ಕೆಲವೇ ವಾರಗಳಲ್ಲಿ, 1975ರ ಆಗಸ್ಟ್ 4ರಂದು, ಗ್ರೀಸಿನ ರೋಡ್ಸ್ ದ್ವೀಪದಲ್ಲಿ ಪ್ಲಾಂಟ್ ಕುಟುಂಬದ ಕಾರು ಅಪಘಾತಕ್ಕೀಡಾಗಿ, ಅವರು ತಿಂಗಳುಗಟ್ಟಲೆ ಗಾಲಿಕುರ್ಚಿ, ಊರುಗೋಲುಗಳ ಪಾಲಾದರು. ಆದ್ದರಿಂದಲೇ ತಂಡ ಮೈತುಂಬಿ ನಿಂತ ಕೊನೆಯ ರಾತ್ರಿಗಳು ಇವು ಎಂದು ಬಹಳ ಅಭಿಮಾನಿಗಳು ಭಾವಿಸುತ್ತಾರೆ.

ಸೆಪ್ಟೆಂಬರಿನ ಧ್ವನಿಮುದ್ರಿಕೆ 1975ರ ‘ಫಿಸಿಕಲ್ ಗ್ರಾಫಿಟಿ’ ಆಲ್ಬಮ್ಮಿಗೆ ಐವತ್ತು ತುಂಬಿದ್ದಕ್ಕೆ ಹೊರತಂದದ್ದು. ಅದರ ನಾಲ್ಕು ಹಾಡುಗಳಲ್ಲಿ ಎರಡು ಅರ್ಲ್ಸ್ ಕೋರ್ಟಿನವು, ಇನ್ನೆರಡು ಇಂಗ್ಲೆಂಡಿನ ನೆಬ್‌ವರ್ತಿನಲ್ಲಿ 1979ರಲ್ಲಿ ನಡೆದ ಕಚೇರಿಯವು. ಧ್ವನಿಮುದ್ರಿಕೆಯಾಗಿ ಅವು ಹೊಸವು ಎನ್ನುವುದು ನಿಜವೇ. ಆದರೆ ಹಬ್ಬಕ್ಕೆ ಕರೆದು ನಿನ್ನೆಯ ಅಡುಗೆ ಬಡಿಸಿದರೆ ನೆಂಟರು ಮುಖ ಗಂಟಿಕ್ಕುವುದೂ ಸಹಜವೇ.

ಪ್ರಶ್ನೆ: ಈ ತಂಡದ ಬಗ್ಗೆ 2025ರಲ್ಲಿ ಬಂದ ಸಾಕ್ಷ್ಯಚಿತ್ರವನ್ನು ದೊಡ್ಡ ಪರದೆಯ ಮೇಲೆ ನೋಡಿದೆ. 1970ರ ಜನವರಿಯ ರಾಯಲ್ ಆಲ್ಬರ್ಟ್ ಹಾಲ್ ದೃಶ್ಯಗಳು ನಿನ್ನೆ ತೆಗೆದಂತಿದ್ದವು. ಐದು ವರ್ಷ ಈಚಿನ ಅರ್ಲ್ಸ್ ಕೋರ್ಟ್ ಮಾತ್ರ ಡಿವಿಡಿಯಲ್ಲಿ ಮಸುಕಾಗಿ ಕಾಣುವುದೇಕೆ? ಈಗಿನ ಕೃತಕ ಬುದ್ಧಿಮತ್ತೆಯಿಂದ ಅದನ್ನೂ ಹಾಗೆ ತಿದ್ದಲಾಗದೇ?
– ಧಾರವಾಡದ ಓದುಗರು

ಉತ್ತರ: ಆಲ್ಬರ್ಟ್ ಹಾಲಿನ ಕಚೇರಿಯನ್ನು ಪೀಟರ್ ವೈಟ್‌ಹೆಡ್ ಮತ್ತು ಸ್ಟ್ಯಾನ್ಲಿ ಡಾರ್ಫ್‌ಮನ್ ತೆಗೆದದ್ದು 16 ಮಿಲಿಮೀಟರ್ ಫಿಲ್ಮಿನಲ್ಲಿ. ಫಿಲ್ಮ್ ಎಂದರೆ ರಾಸಾಯನಿಕ ಚಿತ್ರ. ಅದರೊಳಗೆ ಅಡಗಿರುವ ವಿವರವನ್ನು ಅಂದಿನ ಯಂತ್ರಗಳಿಗಿಂತ ಇಂದಿನ ಸ್ಕ್ಯಾನರುಗಳು ಎಷ್ಟೋ ಚೆನ್ನಾಗಿ ಹೊರತೆಗೆಯುತ್ತವೆ. ವಿಡಿಯೊ ಟೇಪಿನ ಕಥೆ ಹಾಗಲ್ಲ. ಬ್ರಿಟನ್ನಿನ ಅಂದಿನ ಪದ್ಧತಿಯಂತೆ ಚಿತ್ರವೊಂದಕ್ಕೆ 625 ಗೆರೆ, ಅವುಗಳಲ್ಲಿ ಕಣ್ಣಿಗೆ ಬೀಳುವವು 576. ಅಷ್ಟರೊಳಗೆ ಬರೆದುಕೊಂಡಷ್ಟೇ ಅದರ ಆಸ್ತಿ. ಯಂತ್ರ ಅದನ್ನು ಹಿಗ್ಗಿಸಿ ನುಣುಪು ಮಾಡಬಹುದು, ಇಲ್ಲದ ವಿವರವನ್ನು ಊಹಿಸಿ ತುಂಬಲೂಬಹುದು. ಹಾಗೆ ತುಂಬಿದಾಗ ಡ್ರಮ್ ವಾದಕ ಜಾನ್ ಬಾನಮ್ ಮುಖದ ಬದಲು ಮೇಣದ ಬೊಂಬೆಯ ಮುಖ ಬಂದು ಕೂರುತ್ತದೆ. ಅಭಿಮಾನಿಗಳೇ ತಯಾರಿಸಿ ಹಂಚುವ ಇಂಥ ‘ಸುಧಾರಿತ’ ತುಣುಕುಗಳನ್ನು ನೋಡಿದಾಗಲೆಲ್ಲ, ಮಸುಕಾದರೂ ಮೂಲವೇ ಇರಲಿ ಎನಿಸುತ್ತದೆ.

ಫಿಲ್ಮಿಗೂ ಅದರದೇ ತೊಡಕಿದೆ. 16 ಮಿಲಿಮೀಟರ್ ಕ್ಯಾಮೆರಾದ ಸಾಮಾನ್ಯ ಸುರುಳಿ 400 ಅಡಿ ಉದ್ದದ್ದು, ಹೆಚ್ಚುಕಡಿಮೆ 11 ನಿಮಿಷಕ್ಕೆ ಮುಗಿಯುತ್ತದೆ. ಆಲ್ಬರ್ಟ್ ಹಾಲಿನಲ್ಲಿದ್ದದ್ದು ಕೈಯಲ್ಲಿ ಹಿಡಿದ ಬೆರಳೆಣಿಕೆಯ ಕ್ಯಾಮೆರಾಗಳು. ಹಾಡು ಹದಿನೈದು ನಿಮಿಷ ಹರಿದರೆ ಸುರುಳಿ ಬದಲಿಸುವಷ್ಟು ಹೊತ್ತು ಆ ಕ್ಯಾಮೆರಾ ಕುರುಡು. ಮ್ಯಾಡಿಸನ್ ಸ್ಕ್ವೇರ್ ಚಿತ್ರಕ್ಕೂ ಹೀಗೆಯೇ ಕಂಡಿಗಳು ಬಿದ್ದು, ಅವನ್ನು ಮುಚ್ಚಲು 1974ರಲ್ಲಿ ಶೆಪ್ಪರ್ಟನ್ ಸ್ಟುಡಿಯೊದಲ್ಲಿ ತಂಡ ಮತ್ತೆ ವೇಷ ಕಟ್ಟಬೇಕಾಯಿತು. ಅಷ್ಟರಲ್ಲಿ ಕೂದಲು ಕತ್ತರಿಸಿಕೊಂಡಿದ್ದ ಜೋನ್ಸ್ ವಿಗ್ ಧರಿಸಿ ಕೂತರು. 2003ರ ಡಿವಿಡಿಯಲ್ಲೂ ‘ಇಮಿಗ್ರಂಟ್ ಸಾಂಗ್’ ಹಾಡಿನ ಚಿತ್ರ 1972ರ ಸಿಡ್ನಿಯದು, ಧ್ವನಿ ಅದೇ ವರ್ಷದ ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನದು. ಚಿತ್ರವಿದ್ದೆಡೆ ಒಳ್ಳೆಯ ಧ್ವನಿಯಿಲ್ಲ, ಧ್ವನಿಯಿದ್ದೆಡೆ ಚಿತ್ರವಿಲ್ಲ ಎನ್ನುವುದು ಈ ತಂಡದ ಹಣೆಬರಹ.

ಕೃತಕ ಬುದ್ಧಿಮತ್ತೆ ನಿಜವಾಗಿ ಕೈಹಿಡಿಯುವುದು ಧ್ವನಿಯ ವಿಷಯದಲ್ಲಿ. ಬೀಟಲ್ಸ್ ತಂಡದ 1969ರ ದೃಶ್ಯಗಳನ್ನು ಚಿತ್ರನಿರ್ದೇಶಕ ಪೀಟರ್ ಜಾಕ್ಸನ್ 2021ರಲ್ಲಿ ಹೊರತಂದಾಗ, ಒಂದೇ ಟ್ರ್ಯಾಕಿನಲ್ಲಿ ಕಲಸಿಹೋಗಿದ್ದ ಮಾತನ್ನೂ ವಾದ್ಯಗಳನ್ನೂ ಅವರ ಬಳಗ ಬೇರೆ ಬೇರೆ ಬಿಡಿಸಿ ತೋರಿಸಿತು. ಹಲವು ಟ್ರ್ಯಾಕುಗಳ ಮುದ್ರಣವಿಲ್ಲದ ಕಚೇರಿಯಿಂದ ಏನೂ ಮಾಡಲಾಗದು ಎಂಬ ಹಳೆಯ ಸಬೂಬು ಅಂದಿನಿಂದ ದುರ್ಬಲವಾಗಿದೆ.

ಪ್ರಶ್ನೆ: ಬಿಡುಗಡೆಯಾಗದ ಮುದ್ರಣಗಳ ಹಕ್ಕು ಯುರೋಪಿನಲ್ಲಿ 50 ವರ್ಷಕ್ಕೆ ಮುಗಿಯುತ್ತದೆಂದು ಕೇಳಿದ್ದೇನೆ. ಹಾಗಾದರೆ 1975ರ ಕಚೇರಿಯನ್ನು ಈಗ ಯಾರು ಬೇಕಾದರೂ ಹೊರತರಬಹುದೇ?
– ಮಂಗಳೂರಿನ ಓದುಗರು

ಉತ್ತರ: ನೀವು ಕೇಳಿದ್ದರಲ್ಲಿ ಅರ್ಧ ನಿಜವಿದೆ. ಐರೋಪ್ಯ ಒಕ್ಕೂಟ 2011ರಲ್ಲಿ ಧ್ವನಿಮುದ್ರಣದ ಹಕ್ಕನ್ನು 50ರಿಂದ 70 ವರ್ಷಕ್ಕೆ ಏರಿಸಿತಾದರೂ, ಆ ಹೆಚ್ಚಿನ ಅವಧಿ ಸಿಗುವುದು ಮುದ್ರಿಸಿದ 50 ವರ್ಷದೊಳಗೆ ಸಾರ್ವಜನಿಕರ ಮುಂದಿಟ್ಟ ಮುದ್ರಣಕ್ಕೆ ಮಾತ್ರ. ಇದರಿಂದ ಒಂದು ವಿಚಿತ್ರ ಪದ್ಧತಿ ಹುಟ್ಟಿಕೊಂಡಿತು. ಬಾಬ್ ಡಿಲನ್ ಅವರ ಕಂಪನಿ 2012ರ ಕೊನೆಯಲ್ಲಿ ಹಳೆಯ ಮುದ್ರಣಗಳ ಸಂಪುಟವೊಂದನ್ನು ನೂರರಷ್ಟು ಪ್ರತಿ ಮಾತ್ರ ಮಾಡಿ ಅಂಗಡಿಗೆ ಬಿಟ್ಟಿತು. ಬೀಟಲ್ಸ್ ತಂಡದ 1963ರ ಹಲವು ಮುದ್ರಣಗಳು 2013ರ ಡಿಸೆಂಬರಿನಲ್ಲಿ ಸದ್ದಿಲ್ಲದೆ ಐಟ್ಯೂನ್ಸಿಗೆ ಬಂದವು. ರಸಿಕರ ಮೇಲಿನ ಪ್ರೀತಿಯಿಂದಲ್ಲ, ಹಕ್ಕು ಕೈಜಾರದಿರಲೆಂದು.

ಆದರೆ ಮುದ್ರಣದ ಹಕ್ಕು ಬಿದ್ದುಹೋದ ಮಾತ್ರಕ್ಕೆ ಟೇಪು ಬೀದಿಗೆ ಬರುವುದಿಲ್ಲ. ಉಗ್ರಾಣದ ಬೀಗದ ಕೈ ಇಟ್ಟುಕೊಂಡವರು ಅದನ್ನು ಕೊಡಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಹಾಡು ಬರೆದವರ ಹಕ್ಕು ಬೇರೆಯೇ. ಅದು ಅವರ ಜೀವಿತಾವಧಿಗೂ ಆನಂತರದ 70 ವರ್ಷಕ್ಕೂ ನಡೆಯುತ್ತದೆ, ಪೇಜ್ ಮತ್ತು ಪ್ಲಾಂಟ್ ಇಬ್ಬರೂ ಜೀವಂತವಾಗಿದ್ದಾರೆ. ಭಾರತದಲ್ಲಂತೂ ಧ್ವನಿಮುದ್ರಣಕ್ಕೂ ಚಲನಚಿತ್ರಕ್ಕೂ 60 ವರ್ಷದ ಲೆಕ್ಕ ಶುರುವಾಗುವುದೇ ಪ್ರಕಟವಾದ ಮರುವರ್ಷದಿಂದ.

ಪ್ರಶ್ನೆ: ಅರ್ಲ್ಸ್ ಕೋರ್ಟಿನ ಎರಡು ಪೂರ್ಣ ರಾತ್ರಿಗಳ ಡಿಸ್ಕ್ ಇದೆ, ದುಡ್ಡು ಕೊಟ್ಟರೆ ಕಳಿಸುತ್ತೇನೆ ಎಂದು ಒಬ್ಬರು ಹೇಳುತ್ತಿದ್ದಾರೆ. ಕೊಳ್ಳಬಹುದೇ?
– ಹಾಸನದ ಓದುಗರು

ಉತ್ತರ: ಬೇಡ. ಮೇ 24 ಮತ್ತು 25ರ ರಾತ್ರಿಗಳ ಕಳ್ಳಪ್ರತಿಗಳು ಸಂಗ್ರಾಹಕರ ನಡುವೆ ಬಹುಕಾಲದಿಂದ ಓಡಾಡುತ್ತಿವೆ. ನಕಲಿನ ನಕಲಾಗಿ ಬಣ್ಣಗೆಟ್ಟ ಅವನ್ನು ಮಾರಿ ಹಣ ಮಾಡುವುದನ್ನು ನಿಜವಾದ ಸಂಗ್ರಾಹಕರೂ ಒಪ್ಪುವುದಿಲ್ಲ, ತಮ್ಮತಮ್ಮಲ್ಲಿ ವಿನಿಮಯ ಮಾಡಿಕೊಳ್ಳುತ್ತಾರೆ ಅಷ್ಟೆ. ತಂಡದ ವ್ಯವಸ್ಥಾಪಕ ಪೀಟರ್ ಗ್ರಾಂಟ್ ಬದುಕಿದ್ದಾಗ ಈ ವ್ಯಾಪಾರದ ಮೇಲೆ ಕೆಂಡ ಕಾರುತ್ತಿದ್ದರು. 1971ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸಭೆಯೊಳಗೆ ಯಾರೋ ಕದ್ದು ಮುದ್ರಿಸುತ್ತಿದ್ದಾರೆಂದು ಉಪಕರಣವನ್ನು ಒಡೆದು ಹಾಕಿಸಿದರಂತೆ. ಕೊನೆಗೆ ನೋಡಿದರೆ ಅದು ಶಬ್ದದ ಪ್ರಮಾಣ ಅಳೆಯಲು ಬಂದಿದ್ದ ಸರ್ಕಾರಿ ಸಿಬ್ಬಂದಿಯ ಯಂತ್ರ. ತಮಾಷೆಯೆಂದರೆ, ಪೇಜ್ ಸ್ವತಃ ತಮ್ಮ ತಂಡದ ಕಳ್ಳಮುದ್ರಿಕೆಗಳನ್ನು ಸಂಗ್ರಹಿಸುವವರೆಂದು ಹೆಸರಾಗಿದ್ದಾರೆ.

ಪ್ರಶ್ನೆ: ಗ್ರೇಟ್‌ಫುಲ್ ಡೆಡ್ ತಂಡ ನೂರಾರು ಕಚೇರಿ ಹೊರತಂದಿದೆ. ಪಿಂಕ್ ಫ್ಲಾಯ್ಡ್ ತನ್ನ ಪಾಂಪೇ ಚಿತ್ರವನ್ನು 2025ರಲ್ಲಿ ಮತ್ತೆ ಚಿತ್ರಮಂದಿರಕ್ಕೆ ತಂದಿತು. ಲೆಡ್ ಜೆಪ್ಲಿನ್‌ಗೆ ಮಾತ್ರ ಏನು ಧಾಡಿ? ಅಭಿಮಾನಿಗಳು ಎಷ್ಟು ಕಾಲ ಬೇಡಬೇಕು?
– ಬೆಂಗಳೂರಿನ ಓದುಗರು

ಉತ್ತರ: ಗ್ರೇಟ್‌ಫುಲ್ ಡೆಡ್ ತಂಡದೊಡನೆ ಹೋಲಿಸುವುದರಿಂದ ನಿಮ್ಮ ಪಕ್ಷ ಗೆಲ್ಲದು, ಏಕೆಂದರೆ ಆ ತಂಡ ಮೊದಲಿನಿಂದಲೂ ಬೇರೆ ಜಾತಿಯದು. 1984ರಲ್ಲೇ ಅದು ಶ್ರೋತೃಗಳಿಗೆ ಮುದ್ರಿಸಿಕೊಳ್ಳಲೆಂದು ಸಭಾಂಗಣದಲ್ಲಿ ಪ್ರತ್ಯೇಕ ಜಾಗ ಗೊತ್ತುಮಾಡಿತ್ತು. 1993ರಿಂದ ಉಗ್ರಾಣಪಾಲ ಡಿಕ್ ಲಾಟ್ವಾಲಾ ಅವರ ಹೆಸರಿನಲ್ಲೇ ಹಳೆಯ ಕಚೇರಿಗಳ ಸಂಪುಟಗಳನ್ನು ಹೊರಡಿಸತೊಡಗಿ 36ಕ್ಕೆ ಮುಟ್ಟಿಸಿತು. ತಪ್ಪು ಸ್ವರವಿರಲಿ, ತಂತಿ ಹರಿಯಲಿ, ಆ ರಾತ್ರಿ ಏನಾಯಿತೋ ಅದೇ ಸಂಗೀತ ಎಂಬುದು ಅವರ ನಂಬಿಕೆ. ಲೆಡ್ ಜೆಪ್ಲಿನ್‌ನದು ಇದಕ್ಕೆ ವಿರುದ್ಧವಾದ ಮನೋಧರ್ಮ. 1969ರ ಆಚೆಗೆ ಟಿವಿ ಕಾರ್ಯಕ್ರಮಗಳಿಗೆ ಹೆಚ್ಚುಕಡಿಮೆ ಬೆನ್ನು ತಿರುಗಿಸಿದ, ನೋಡಬೇಕಿದ್ದರೆ ಟಿಕೆಟ್ ಕೊಂಡು ಬನ್ನಿ ಎಂದ ತಂಡ ಅದು. ಸುಲಭಕ್ಕೆ ಸಿಗದಿರುವುದನ್ನೇ ಅದು ತನ್ನ ಘನತೆಯಾಗಿ ಮಾಡಿಕೊಂಡಿತ್ತು. 1980ರ ಸೆಪ್ಟೆಂಬರ್ 25ರಂದು ಬಾನಮ್ ತೀರಿಕೊಂಡು, ಅದೇ ಡಿಸೆಂಬರಿನಲ್ಲಿ ತಂಡ ವಿಸರ್ಜನೆಯಾದ ಮೇಲೆ ಆ ಘನತೆಯ ಕಾವಲು ಪೇಜ್ ಅವರ ಹೆಗಲಿಗೆ ಬಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ದೇವರೂ ಪೂಜಾರಿಯೂ ಒಬ್ಬರೇ ಆಗಿರುವುದು ಪೇಚಿಗಿಟ್ಟುಕೊಂಡಿದೆ.

ಅವರ ವಿಳಂಬಕ್ಕೆ ನಮ್ಮ ನೆಲದಲ್ಲೇ ಒಂದು ನಿದರ್ಶನವಿದೆ. 1972ರಲ್ಲಿ ಪೇಜ್ ಮತ್ತು ಪ್ಲಾಂಟ್ ಅಂದಿನ ಬೊಂಬಾಯಿಗೆ ಬಂದು, ಅಲ್ಲಿಯ ವಾದ್ಯಗಾರರನ್ನು ಕೂಡಿಸಿಕೊಂಡು ‘ಫ್ರೆಂಡ್ಸ್’ ಮತ್ತು ‘ಫೋರ್ ಸ್ಟಿಕ್ಸ್’ ಹಾಡುಗಳನ್ನು ಸ್ಟುಡಿಯೊ ಒಂದರಲ್ಲಿ ಮುದ್ರಿಸಿದರು. ಕಳ್ಳಪ್ರತಿಗಳಲ್ಲಿ ದಶಕಗಟ್ಟಲೆ ಸುತ್ತಾಡಿದ ಆ ಮುದ್ರಣ ಅಧಿಕೃತವಾಗಿ ಹೊರಬಂದದ್ದು 2015ರಲ್ಲಿ, ಆಲ್ಬಮ್ಮುಗಳ ಹೊಸ ಆವೃತ್ತಿಗಳ ಸರಣಿಯ ಕೊನೆಗೆ. ನಲವತ್ತಮೂರು ವರ್ಷ! ಅದರಲ್ಲಿ ನುಡಿಸಿದವರ ಪೈಕಿ ಎಷ್ಟು ಮಂದಿ ಅದನ್ನು ಕೊಂಡು ಕೇಳುವಷ್ಟು ಕಾಲ ಇದ್ದರು? 2007ರ ಡಿಸೆಂಬರ್ 10ರಂದು ಲಂಡನ್ನಿನ ಒ2 ಅರೆನಾದಲ್ಲಿ ಬಾನಮ್ ಅವರ ಮಗ ಜೇಸನ್ ಡ್ರಮ್ಮಿಗೆ ಕೂತು ನಡೆದ ಪುನರ್ಮಿಲನದ ಕಚೇರಿಯನ್ನೇ ನೋಡಿ. ಎಲ್ಲ ಆಧುನಿಕ ಸಲಕರಣೆಗಳಿಂದ ಚಿತ್ರೀಕರಿಸಿದ್ದರೂ ಅದು ತೆರೆಗೆ ಬರಲು 2012ರ ಅಕ್ಟೋಬರ್ ಆಯಿತು. ಅಲ್ಲಿ ಹಾಳಾದ ಟೇಪೂ ಇರಲಿಲ್ಲ, ಕಳೆದುಹೋದ ಯಂತ್ರವೂ ಇರಲಿಲ್ಲ.

ತನ್ನ ಹೆಸರಿನಲ್ಲಿ ಏನು ಹೊರಬರಬೇಕೆಂದು ತೀರ್ಮಾನಿಸುವ ಅಧಿಕಾರ ಕಲಾವಿದನಿಗಿದೆ. ಅಭಿಮಾನಿಯ ಹಂಬಲ ಎಷ್ಟೇ ತೀವ್ರವಾಗಿರಲಿ, ಅದು ಹಕ್ಕಾಗುವುದಿಲ್ಲ. ಪೇಜ್ ಅವರ ಅಳತೆಗೋಲು ಬಲು ಎತ್ತರದ್ದು ಎಂಬುದನ್ನೂ ನಾನು ಗೌರವಿಸುತ್ತೇನೆ. ನನ್ನ ತಕರಾರು ಅವರ ಮೌನದ ಬಗ್ಗೆ. ಉಗ್ರಾಣದಲ್ಲಿ ಯಾವ ರಾತ್ರಿಯ ಚಿತ್ರವಿದೆ, ಎಷ್ಟು ಹಾಡಿನದು, ಫಿಲ್ಮೋ ಟೇಪೋ, ಧ್ವನಿ ಸರಿಯಿದೆಯೋ ಇಲ್ಲವೋ ಎಂಬ ಪಟ್ಟಿಯೊಂದನ್ನು ತಂಡ ಇಂದಿನವರೆಗೂ ಪ್ರಕಟಿಸಿಲ್ಲ. ಆದ್ದರಿಂದ ಸುದ್ದಿಗೆ ರೆಕ್ಕೆಪುಕ್ಕ ಹುಟ್ಟುತ್ತದೆ, ಪ್ರತಿ ವಾರ್ಷಿಕೋತ್ಸವಕ್ಕೂ ನಿರೀಕ್ಷೆ ಏರಿ ಮಗುಚಿಕೊಳ್ಳುತ್ತದೆ. ‘ಅರ್ಲ್ಸ್ ಕೋರ್ಟಿನ ಇಂತಿಂಥ ಹಾಡುಗಳ ಚಿತ್ರ ಸರಿಯಿಲ್ಲ, ಕೊಡುವುದಿಲ್ಲ’ ಎಂದು ಅಧಿಕೃತವಾಗಿ ಒಂದು ಸಾಲು ಬಂದರೂ ಅರ್ಧ ಜನ ಸುಮ್ಮನಾಗುತ್ತಾರೆ. 1976ರಲ್ಲಿ ಚಿತ್ರಮಂದಿರದ ಸಾಲಿನಲ್ಲಿ ನಿಂತ ತರುಣರಿಗೆ ಈಗ ಎಪ್ಪತ್ತರ ಆಸುಪಾಸು. ಅವರನ್ನು ಇನ್ನೂ ಕಾಯಿಸುವುದಾದರೆ, ಯಾವುದಕ್ಕಾಗಿ ಎಂದಾದರೂ ಹೇಳಬೇಕು.

ಪ್ರಶ್ನೆ: 1977ರ ಜುಲೈ 17ರಂದು ಅಮೆರಿಕದ ಸಿಯಾಟಲ್‌ನ ಕಿಂಗ್‌ಡೋಮ್‌ನಲ್ಲಿ ನಡೆದ ಕಚೇರಿಯ ಪರದೆಯ ಚಿತ್ರವೂ ಉಳಿದಿದೆಯಲ್ಲ, ಅದನ್ನಾದರೂ ಬಿಡುಗಡೆ ಮಾಡಲೇನು ಅಡ್ಡಿ? ಚೆನ್ನಾಗಿರಲಿ ಇಲ್ಲದಿರಲಿ, ಎಲ್ಲವನ್ನೂ ಕೊಟ್ಟುಬಿಡಲಿ.
– ಶಿವಮೊಗ್ಗದ ಓದುಗರು

ಉತ್ತರ: ಆ ಚಿತ್ರ ಸಂಗ್ರಾಹಕರ ಕೈಯಲ್ಲಿ ಬಹುಕಾಲದಿಂದ ಇದೆ, ಮತ್ತು ಅದನ್ನು ನೋಡಿದವರಲ್ಲಿ ಹೆಚ್ಚಿನವರ ಅಭಿಪ್ರಾಯ ಅಂದಿನ ಕಚೇರಿ ಸೊರಗಿತ್ತು ಎಂಬುದೇ. ಪೇಜ್ ಬಳಲಿದಂತಿದ್ದಾರೆ, ಗಿಟಾರು ಅಲ್ಲಲ್ಲಿ ಎಡವುತ್ತದೆ. ಅದಾದ ಒಂದು ವಾರಕ್ಕೆ, ಜುಲೈ 24ರಂದು, ತಂಡ ಓಕ್ಲಂಡಿನಲ್ಲಿ ನುಡಿಸಿತು. 26ರಂದು ಇಂಗ್ಲೆಂಡಿನಲ್ಲಿ ಪ್ಲಾಂಟ್ ಅವರ ಐದು ವರ್ಷದ ಮಗ ಕಾಯಿಲೆಯಿಂದ ತೀರಿಕೊಂಡ. ಉಳಿದ ಕಚೇರಿಗಳು ರದ್ದಾದವು, ಬಾನಮ್ ಇದ್ದ ಲೆಡ್ ಜೆಪ್ಲಿನ್ ಮತ್ತೆಂದೂ ಅಮೆರಿಕದಲ್ಲಿ ನುಡಿಸಲಿಲ್ಲ. ಆ ಬೇಸಿಗೆಯ ಚಿತ್ರಗಳ ಮುಂದೆ ಕುಳಿತು ಹಾಡು ಆರಿಸಿಕೊಡಿ ಎಂದು ಆ ತಂದೆಯನ್ನು ಕೇಳುವ ಮೊದಲು ನಾವು ಸ್ವಲ್ಪ ತಡೆದು ಯೋಚಿಸಬೇಕು. ಚರಿತ್ರೆಯ ದಾಖಲೆಯಾಗಿ ಆ ಟೇಪು ಕೆಡದಂತೆ ಉಳಿಯಲಿ, ಮುಂದೆ ಅಧ್ಯಯನ ಮಾಡುವವರಿಗೆ ಸಿಗಲಿ. ಅದನ್ನು ಅಂಗಡಿಯಲ್ಲಿಟ್ಟು ಮಾರದಿದ್ದರೆ ನನಗೇನೂ ಬೇಸರವಿಲ್ಲ.